ಬಾಲ್ ಪೈಥಾನ್ ಟ್ಯಾಂಕ್: ಹೀಟ್ ಮ್ಯಾಟ್ 117 ಡಿಗ್ರಿ ತೋರಿಸ್ತಿದೆ, ಏನು ಮಾಡಲಿ?

ಚಿಕಾಗೊ ಹೊಸಬ:

ಎಲ್ಲರಿಗೂ ನಮಸ್ಕಾರ. ಮಗಳ ಹಟಕ್ಕೆ ಮಣಿದು ಒಂದು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ಮರಿ ತರುತ್ತಿದ್ದೇವೆ. ಹಾವು ಇನ್ನೂ ಬಂದಿಲ್ಲ, ಮುಂದಿನ ವಾರ ಬರುತ್ತದೆ. ಊರಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ, ಆ ಕತೆ ಬೇರೆ.

ಟ್ಯಾಂಕ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. 40 ಗ್ಯಾಲನ್‌ನ ಗಾಜಿನ ಟ್ಯಾಂಕ್, ಮೇಲೆ ಜಾಲರಿ ಮುಚ್ಚಳ. ತಳಕ್ಕೆ ಹೊರಗಡೆಯಿಂದ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬಿಸಿಯಾಗುವ ತೆಳು ಹಾಳೆ, ಅಂಟಿಸಿದ್ದಾರೆ. ಅದರ ವೈರ್ ನೇರ ಗೋಡೆಯ ಪ್ಲಗ್‌ಗೆ ಹೋಗುತ್ತದೆ, ನಡುವೆ ಏನೂ ಇಲ್ಲ. ಸುಮ್ನೆ ನೋಡೋಣ ಅಂತ ರಾತ್ರಿ ಆನ್ ಮಾಡಿಟ್ಟೆ. ಬೆಳಿಗ್ಗೆ ಟೆಂಪರೇಚರ್ ಗನ್ ಹಿಡಿದರೆ ಒಳಗಿನ ಗಾಜು 117 ಡಿಗ್ರಿ ಫ್ಯಾರನ್‌ಹೀಟ್! ಮಾರಿದವರನ್ನು ಕೇಳಿದರೆ "ಮೇಲೆ ತೆಂಗಿನ ನಾರಿನ ಪುಡಿ ದಪ್ಪಗೆ ಹಾಕಿ, ಸರಿಹೋಗುತ್ತೆ" ಅಂದರು. ನಿಜವಾಗಿ ಸರಿಹೋಗುತ್ತದಾ? ನಮ್ಮ ಮನೆ ಚಳಿಗಾಲದ ರಾತ್ರಿ 66 ಡಿಗ್ರಿಗೆ ಇಳಿಯುತ್ತದೆ.

ತುಂಗಾತೀರ, ಲೀಡ್ಸ್:

ಮೊದಲು ಆ ಪ್ಲಗ್ ಕೀಳಿ. 117 ಅಂದರೆ 47 ಡಿಗ್ರಿ ಸೆಲ್ಸಿಯಸ್. ಹಾವು ರಾತ್ರಿಯಿಡೀ ಅದರ ಮೇಲೆ ಮಲಗಿದರೆ ಹೊಟ್ಟೆ ಸುಟ್ಟುಕೊಳ್ಳುತ್ತದೆ.

ಪುಡಿಯಿಂದ ಸರಿಹೋಗುವುದಿಲ್ಲ. ಪುಡಿ ದಪ್ಪ ಆದಷ್ಟೂ ಶಾಖ ಮೇಲೆ ಹೋಗಲಾರದೆ ಕೆಳಗೇ ಕೂರುತ್ತದೆ, ಗಾಜು ಇನ್ನೂ ಜಾಸ್ತಿ ಬಿಸಿಯಾಗುತ್ತದೆ. ಬಿರುಕು ಬಿಡುವುದೂ ಉಂಟು. ಪುಡಿಯ ಮೇಲೆ ಅಳೆದರೆ ಮಾತ್ರ ಎಲ್ಲ ಚೆನ್ನಾಗಿ ಕಾಣುತ್ತದೆ. ಆದರೆ ಬಾಲ್ ಪೈಥಾನ್ ಬಿಲದ ಹಾವು. ಘಾನಾ, ಟೋಗೊ, ಬೆನಿನ್ ಕಡೆ ಇಲಿ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಹಗಲು ಕಳೆಯುವ ಪ್ರಾಣಿ. ಪುಡಿ ಕಂಡರೆ ಕೆದಕಿಕೊಂಡು ಕೆಳಗೆ ಇಳಿಯುತ್ತದೆ, ನೇರ ಆ ಗಾಜಿನ ಮೇಲೆ. ಅದಕ್ಕೇ ಮ್ಯಾಟ್ ಇರುವ ಕಡೆ ಯಾವಾಗಲೂ ಪುಡಿ ಸರಿಸಿ ಬರೀ ಗಾಜನ್ನು ಅಳೆಯಿರಿ.

ಬೇಕಾದದ್ದು ಇಷ್ಟು. ಬಿಸಿ ಕಡೆ ಹಾವು ಮಲಗುವ ಜಾಗ 31ರಿಂದ 33 ಡಿಗ್ರಿ, ನಿಮ್ಮ ಲೆಕ್ಕದಲ್ಲಿ 88ರಿಂದ 92. ತಂಪು ಕಡೆ 25ರಿಂದ 27, ಅಂದರೆ 80ರ ಒಳಗೆ. ರಾತ್ರಿ 22, ಅಂದರೆ 72ಕ್ಕಿಂತ ಕೆಳಗೆ ಬೇಡ. ಮ್ಯಾಟ್ ತಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇರಬಾರದು, ಇಲ್ಲದಿದ್ದರೆ ತಂಪು ಕಡೆ ಅನ್ನುವುದೇ ಉಳಿಯುವುದಿಲ್ಲ.

ಇನ್ನೊಂದು. ಅಡಗುವ ಗೂಡು ಎರಡು ಬೇಕು, ಬಿಸಿ ಕಡೆ ಒಂದು, ತಂಪು ಕಡೆ ಒಂದು. ಬಿಸಿ ಕಡೆ ಮಾತ್ರ ಇಟ್ಟರೆ ಹೆದರಿದ ಹಾವು ಸೆಕೆಯಾದರೂ ಅಲ್ಲೇ ಕೂರುತ್ತದೆ. ಅದಕ್ಕೆ ತಂಪಿಗಿಂತ ಮರೆ ಮುಖ್ಯ.

ಕರೆಂಟು ಮೇಷ್ಟ್ರು, ಹುಬ್ಬಳ್ಳಿ, ಈಗ ಡಾಲಸ್:

ಹೀಟ್ ಮ್ಯಾಟ್ ಕೆಟ್ಟದ್ದಲ್ಲ ರೀ. ಥರ್ಮೋಸ್ಟಾಟ್, ಅಂದರೆ ಬಿಸಿ ಅಳೆದು ಹೀಟರ್‌ನ ಕರೆಂಟ್ ಹಿಡಿತದಲ್ಲಿಡುವ ಪೆಟ್ಟಿಗೆ, ಅದು ಇಲ್ಲದ ಹೀಟ್ ಮ್ಯಾಟ್ ಕೆಟ್ಟದ್ದು. ಒಲೆ ಮೇಲಿಟ್ಟು ಮರೆತ ದೋಸೆ ಹೆಂಚು ಅದು, ಸಾಕು ಅನ್ನುವವರು ಯಾರೂ ಇಲ್ಲ.

ಅಂಗಡಿಯಲ್ಲಿ ಮೊದಲು ನಿಮ್ಮ ಕೈಗೆ ಡಿಮ್ಮರ್ ಕೊಡುತ್ತಾರೆ, ಸಣ್ಣ ತಿರುಗಣೆ ಇರುವ ಪೆಟ್ಟಿಗೆ. ಅದು ಥರ್ಮೋಸ್ಟಾಟ್ ಅಲ್ಲ. ಅದಕ್ಕೆ ಬಿಸಿ ಎಷ್ಟಿದೆ ಅಂತ ಗೊತ್ತೇ ಆಗುವುದಿಲ್ಲ. ಜನವರಿಯಲ್ಲಿ ಸರಿಯಾಗಿ ತಿರುಗಿಸಿ ಇಟ್ಟದ್ದು ಜೂನ್‌ನಲ್ಲಿ ಸುಡುತ್ತದೆ, ಯಾಕೆಂದರೆ ಕೋಣೆ ಬಿಸಿಯಾಗಿರುತ್ತದೆ, ಡಿಮ್ಮರ್ ಮಾತ್ರ ಅಷ್ಟೇ ಕರೆಂಟ್ ಬಿಡುತ್ತಿರುತ್ತದೆ.

ನಿಜವಾದ ಥರ್ಮೋಸ್ಟಾಟ್‌ಗೆ ಪ್ರೋಬ್ ಇರುತ್ತದೆ, ತುದಿಯಲ್ಲಿ ಸೆನ್ಸರ್ ಇರುವ ವೈರ್. ಇದರಲ್ಲಿ ಮೂರು ಜಾತಿ. ಆನ್-ಆಫ್ ಮಾದರಿ ಅಗ್ಗ. ಬಿಸಿ ಮಿತಿ ಮುಟ್ಟಿದರೆ ಪೂರ್ತಿ ಆಫ್, ಇಳಿದರೆ ಪೂರ್ತಿ ಆನ್. ಮ್ಯಾಟ್‌ಗೆ ಇದೇ ಸಾಕು. ಬಲ್ಬ್‌ಗೆ ಹಾಕಿದರೆ ದಿನವಿಡೀ ಹತ್ತಿ ಆರಿ ಬಲ್ಬ್ ಬೇಗ ಸಾಯುತ್ತದೆ, ಹಾವಿಗೂ ಕಿರಿಕಿರಿ. ಪಲ್ಸ್ ಮಾದರಿ ಕರೆಂಟನ್ನು ತುಣುಕು ತುಣುಕಾಗಿ ಬಿಡುತ್ತದೆ. ಬೆಳಕಿಲ್ಲದ ಸಿರಾಮಿಕ್ ಹೀಟರ್‌ಗೆ ಇದು ಒಳ್ಳೆಯದು. ಡಿಮ್ಮಿಂಗ್ ಮಾದರಿ ಹ್ಯಾಲೊಜೆನ್ ಬಲ್ಬ್‌ಗೆ. ನೋಡಿ, ಇಲ್ಲೂ ಡಿಮ್ ಅನ್ನುವ ಮಾತೇ ಇದೆ, ಆದರೆ ಇದಕ್ಕೆ ಪ್ರೋಬ್ ಇದೆ. ಕೊಳ್ಳುವಾಗ ಪ್ರೋಬ್ ಇದೆಯಾ ಅಂತ ಮೊದಲು ನೋಡಿ.

ಪ್ರೋಬ್ ಎಲ್ಲಿ? ಮ್ಯಾಟ್ ಆದರೆ ಟ್ಯಾಂಕ್‌ನ ಹೊರಗೆ, ಮ್ಯಾಟ್ ಮತ್ತು ಗಾಜಿನ ನಡುವೆ ಸಿಕ್ಕಿಸಿ. ಅಲ್ಲಿದ್ದರೆ ಹಾವು ಎಳೆಯುವುದಿಲ್ಲ, ನೀರು ಚೆಲ್ಲುವುದಿಲ್ಲ, ಮೂತ್ರ ತಾಗುವುದಿಲ್ಲ. ಗಾಜಿನ ಹೊರಗೆ ಬಿಸಿ ಜಾಸ್ತಿ, ಒಳಗೆ ಸ್ವಲ್ಪ ಕಡಿಮೆ. ಹಾಗಾಗಿ ಥರ್ಮೋಸ್ಟಾಟ್‌ನಲ್ಲಿ 32 ಅಂತ ಇಟ್ಟು ಸುಮ್ಮನಾಗಬೇಡಿ. ಒಳಗಿನ ಗಾಜನ್ನು ಅಳೆಯುತ್ತಾ ಅರ್ಧರ್ಧ ಡಿಗ್ರಿ ಏರಿಸಿ, ಒಳಗೆ 32 ಬಂದಾಗ ನಿಲ್ಲಿಸಿ. ಟ್ಯಾಂಕ್ ಕೆಳಗೆ ಸಣ್ಣ ರಬ್ಬರ್ ಕಾಲು ಇಟ್ಟು ಗಾಳಿ ಆಡಲು ಜಾಗ ಬಿಡಿ. ಮರದ ಮೇಜಿಗೆ ಮ್ಯಾಟ್ ಒತ್ತಿ ಕೂತರೆ ಮೇಜೂ ಕರಕಲು.

ಟ್ಯಾಂಕ್ ಒಳಗೆ ಅಂಟು ಟೇಪ್ ಹಾಕಲೇಬೇಡಿ. ಬಿಟ್ಟುಕೊಂಡ ಟೇಪ್‌ಗೆ ಹಾವು ಅಂಟಿಕೊಂಡರೆ ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ.

ಚಿಕಾಗೊ ಹೊಸಬ:

ಪ್ಲಗ್ ಕಿತ್ತಿದ್ದೇನೆ. ಒಂದು ದಡ್ಡ ಪ್ರಶ್ನೆ. ಬಿಸಿ ಜಾಸ್ತಿ ಆದರೆ ಹಾವು ಪಕ್ಕಕ್ಕೆ ಸರಿಯುವುದಿಲ್ಲವಾ? ಬಾಲ್ ಪೈಥಾನ್‌ಗೆ ತುಟಿಯ ಮೇಲೆ ಶಾಖ ಗುರುತಿಸುವ ಕುಳಿಗಳೇ ಇವೆ ಅಂತ ಮಗಳು ಹೇಳುತ್ತಾಳೆ. ಅಷ್ಟು ಸೂಕ್ಷ್ಮ ಇರುವ ಪ್ರಾಣಿ ತನ್ನ ಹೊಟ್ಟೆ ಸುಡುವಾಗ ಸುಮ್ಮನೆ ಕೂರುತ್ತದಾ?

ಪೊರೆ ಡಾಕ್ಟ್ರು, ಟೊರಾಂಟೊ:

ದಡ್ಡ ಪ್ರಶ್ನೆ ಅಲ್ಲ. ನಮ್ಮ ಕ್ಲಿನಿಕ್‌ಗೆ ಸುಟ್ಟ ಹಾವು ತಂದವರೆಲ್ಲ ಇದನ್ನೇ ಕೇಳುತ್ತಾರೆ.

ಮಗಳು ಹೇಳಿದ್ದು ಸರಿ. ಆ ಕುಳಿಗಳ ನರಗಳಲ್ಲಿ ಟಿಆರ್‌ಪಿಎ1 ಎಂಬ ಪ್ರೋಟೀನ್ ಶಾಖಕ್ಕೆ ಸ್ಪಂದಿಸುತ್ತದೆ ಅಂತ 2010ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ತೋರಿಸಿತು. ಶಾಖ ಮತ್ತು ಸ್ಪರ್ಶದ ಗ್ರಾಹಕಗಳ ಕೆಲಸಕ್ಕೆ 2021ರ ನೊಬೆಲ್ ಹಂಚಿಕೊಂಡವರು ಅವರೇ. ಆದರೆ ಕುಳಿ ಇರುವುದು ಮುಖದಲ್ಲಿ. ದೂರದ ಇಲಿಯ ಮೈಶಾಖ ಹಿಡಿಯುವುದು ಅದರ ಕೆಲಸ. ಹೊಟ್ಟೆಯ ಕೆಳಗೆ ನಿಧಾನವಾಗಿ ಏರುವ ಬಿಸಿಗೂ ಅದಕ್ಕೂ ಸಂಬಂಧವಿಲ್ಲ.

ಸುಟ್ಟ ಹಾವುಗಳ ಕತೆ ಹೆಚ್ಚಾಗಿ ಒಂದೇ ರೀತಿ ಇರುತ್ತದೆ. ಟ್ಯಾಂಕ್‌ನ ಗಾಳಿ ತಣ್ಣಗಿರುತ್ತದೆ, ಒಂದೇ ಒಂದು ಜಾಗ ಮಾತ್ರ ಸುಡುತ್ತಿರುತ್ತದೆ. ಹಾವಿನ ಮೈ ಒಟ್ಟಾರೆ ತಂಪು, ಅದಕ್ಕೆ ಶಾಖ ಬೇಕು. ಹಾಗಾಗಿ ಶಾಖ ಸಿಗುವ ಆ ಒಂದು ಜಾಗ ಬಿಟ್ಟು ಏಳುವುದಿಲ್ಲ. ಹೊಟ್ಟೆ ಸುಡುತ್ತಿದ್ದರೂ ಬೆನ್ನಿಗೆ ಚಳಿ. ಕರೆಂಟಿನ ಬಿಸಿ ಬಂಡೆಗಳಲ್ಲೂ ಇದೇ ಆಗುತ್ತದೆ, ದಯವಿಟ್ಟು ಅವನ್ನು ತರಬೇಡಿ.

ಸುಟ್ಟದ್ದು ತಕ್ಷಣ ಕಾಣುವುದಿಲ್ಲ. ಮೊದಲು ಹೊಟ್ಟೆಯ ಅಗಲ ಹುರುಪೆಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಪೊರೆ ಬಿಡುವ ಮೊದಲೂ ಬಾಲ್ ಪೈಥಾನ್ ಹೊಟ್ಟೆ ಗುಲಾಬಿ ಆಗುತ್ತದೆ, ಅದಕ್ಕೆ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಪೊರೆಯ ಗುಲಾಬಿ ಇಡೀ ಹೊಟ್ಟೆಗೆ ಒಂದೇ ಸಮ ಇರುತ್ತದೆ, ಕಣ್ಣೂ ಮಂಜಾಗುತ್ತದೆ. ಸುಟ್ಟದ್ದು ಪಟ್ಟೆ ಪಟ್ಟೆ ಇರುತ್ತದೆ. ಆಮೇಲೆ ನೀರು ಗುಳ್ಳೆ, ಕಂದು ಕಲೆ, ಹುರುಪೆ ಒರಟಾಗುವುದು. ಹಾಗೆ ಕಂಡರೆ ಸರೀಸೃಪ ನೋಡುವ ವೈದ್ಯರ ಹತ್ತಿರ ಹೋಗಿ. ಪುಡಿ ತೆಗೆದು ಬಿಳಿ ಪೇಪರ್ ಟವೆಲ್ ಹಾಸಿ. ಗುಳ್ಳೆ ಒಡೆಯಬೇಡಿ, ಪೊರೆ ಎಳೆಯಬೇಡಿ. ಮನೆಯ ಮುಲಾಮು ಹಚ್ಚಬೇಡಿ. ಅದರಲ್ಲೂ ನೋವು ಮರಗಟ್ಟಿಸುವ ಔಷಧಿ ಬೆರೆಸಿದ ಮುಲಾಮು ಬೇಡವೇ ಬೇಡ. ಆಳವಾದ ಸುಟ್ಟ ಗಾಯ ಮಾಯಲು ಹಲವು ಪೊರೆ ಬೇಕು, ಅಂದರೆ ತಿಂಗಳುಗಟ್ಟಲೆ.

ಬಿಸಿ ಕಡಿಮೆಯಾದರೂ ಕಷ್ಟವೇ. ತಿಂದದ್ದು ಅರಗದೆ ವಾಂತಿ ಮಾಡುತ್ತದೆ. ಬಹಳ ದಿನ ಚಳಿಯಲ್ಲಿದ್ದರೆ ಶ್ವಾಸಕೋಶದ ಸೋಂಕು ಬರುತ್ತದೆ. ಬಾಯಿ ತೆರೆದು ಉಸಿರಾಡುವುದು, ಸಿಳ್ಳೆಯಂಥ ಸದ್ದು, ಬಾಯಿಯಲ್ಲಿ ನೊರೆ, ಇವು ಲಕ್ಷಣ.

ತುಂಗಾತೀರ, ಲೀಡ್ಸ್:

ಡಾಕ್ಟ್ರು ಹೇಳಿದ ಮೇಲೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆ ಮ್ಯಾಟ್ ಬಿಟ್ಟುಬಿಡಿ. ಕಾಡಿನಲ್ಲಿ ಶಾಖ ಮೇಲಿಂದ, ಸೂರ್ಯನಿಂದ ಬರುತ್ತದೆ. ಹಗಲು ಹ್ಯಾಲೊಜೆನ್ ಹಾಕಿ. ಅದರ ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣ, ಮೈಯೊಳಗೆ ಸ್ವಲ್ಪ ಆಳಕ್ಕೆ ಇಳಿಯುತ್ತದೆ, ಮ್ಯಾಟ್‌ನದು ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತದೆ. ಮ್ಯಾಟ್ ಟ್ಯಾಂಕ್‌ನ ಗಾಳಿಯನ್ನು ಬಿಸಿ ಮಾಡುವುದೂ ಇಲ್ಲ. ನಿಮ್ಮದು ಜಾಲರಿ ಮುಚ್ಚಳ, ಮನೆ 66 ಡಿಗ್ರಿ. ಒಂದು ತುಂಡು ಗಾಜು ಮಾತ್ರ ಬಿಸಿ, ಉಳಿದದ್ದೆಲ್ಲ ಚಳಿ. ಡಾಕ್ಟ್ರು ಹೇಳಿದ ಸುಡುವ ಕತೆಗೆ ಬೇಕಾದದ್ದೆಲ್ಲ ಅಲ್ಲೇ ಇದೆ.

ಮೆಲ್ಬರ್ನ್ ಮಲೆನಾಡು:

ಮೇಲಿಂದ ಮಾತ್ರ ಅಂತ ನಾನು ಒಪ್ಪುವುದಿಲ್ಲ. ತೀರ್ಥಹಳ್ಳಿ ಕಡೆ ಸಂಜೆ ಹೊತ್ತು ಟಾರ್ ರಸ್ತೆ ಮೇಲೆ ಹಾವು ಮಲಗಿರುವುದನ್ನು ಯಾರು ನೋಡಿಲ್ಲ ಹೇಳಿ? ಬಿಸಿಲು ಇಳಿದಿರುತ್ತದೆ, ರಸ್ತೆ ಇನ್ನೂ ಬೆಚ್ಚಗಿರುತ್ತದೆ. ಹೊಟ್ಟೆಯಿಂದ ಶಾಖ ತಗೊಳ್ಳುವುದು ಹಾವಿಗೆ ಹೊಸದೇನಲ್ಲ. ಬಿಲದೊಳಗಿನ ಬಾಲ್ ಪೈಥಾನ್‌ಗೆ ಸೂರ್ಯ ಎಲ್ಲಿ ಕಾಣಬೇಕು?

ನಾನು ಇಲ್ಲಿ ಕಾರ್ಪೆಟ್ ಪೈಥಾನ್ ಸಾಕಿದ್ದೇನೆ, ಲೈಸೆನ್ಸ್ ಇದೆ. ಆಸ್ಟ್ರೇಲಿಯಾದಲ್ಲಿ ಹೊರದೇಶದ ಹಾವು ಸಾಕುವಂತಿಲ್ಲ, ಬಾಲ್ ಪೈಥಾನ್ ಕೂಡ ಇಲ್ಲ. ನಮ್ಮ ತಲೆನೋವು ಉಲ್ಟಾ. ಬೇಸಿಗೆಯಲ್ಲಿ ಇಲ್ಲಿ ಕೆಲವು ದಿನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಥರ್ಮೋಸ್ಟಾಟ್ ಹೀಟರ್ ಆರಿಸಬಲ್ಲದು, ಟ್ಯಾಂಕ್ ತಂಪು ಮಾಡಲಾರದು. ಇಡೀ ಟ್ಯಾಂಕ್ 35 ದಾಟಿದರೆ ಹಾವಿಗೆ ಓಡಲು ಜಾಗವೇ ಇಲ್ಲ. ಅಂಥ ದಿನ ಮನೆಯ ಅತ್ಯಂತ ತಂಪು ಕೋಣೆಗೆ ಸಾಗಿಸಿ, ಹೆಚ್ಚಾಗಿ ಅದು ಟೈಲ್ಸ್ ಇರುವ ಬಚ್ಚಲುಮನೆ. ಮುಚ್ಚಳದ ಅರ್ಧಕ್ಕೆ ಒದ್ದೆ ಬಟ್ಟೆ, ಬಟ್ಟೆ ಸುತ್ತಿದ ಐಸ್ ಬಾಟಲಿ ಒಂದು ಮೂಲೆಯಲ್ಲಿ. ಮತ್ತೆ, ಗಾಜಿನ ಟ್ಯಾಂಕನ್ನು ಯಾವ ದೇಶದಲ್ಲೂ ಕಿಟಕಿಯ ಬಿಸಿಲಿಗೆ ಇಡಬೇಡಿ. ಚಿಕಾಗೊದ ಫೆಬ್ರವರಿ ಬಿಸಿಲಿಗೂ ಬೇಡ.

ತುಂಗಾತೀರ, ಲೀಡ್ಸ್:

ರಸ್ತೆಯ ಮಾತು ಒಪ್ಪಿದೆ. ಆದರೆ ಆ ರಸ್ತೆ ನಿಮಿಷ ನಿಮಿಷಕ್ಕೂ ತಣ್ಣಗಾಗುತ್ತಿರುತ್ತದೆ ಅಲ್ವಾ? ಮ್ಯಾಟ್ ಏರುತ್ತಲೇ ಇರುತ್ತದೆ.

ಮೆಲ್ಬರ್ನ್ ಮಲೆನಾಡು:

ಅದಕ್ಕೇ ಥರ್ಮೋಸ್ಟಾಟ್ ಇರುವುದು ಮಾರಾಯ್ರೆ.

ಚಾಮುಂಡಿ ಬೆಟ್ಟದ ಬುಡ:

ನಡುವೆ ಬಂದೆ, ಕ್ಷಮಿಸಿ. ನಾನು ಮೈಸೂರಲ್ಲಿರುವುದು. ಇದನ್ನೆಲ್ಲ ಓದಿ ಆಸೆಯಾಗುತ್ತಿದೆ. ಇಲ್ಲಿ ಹೀಟರ್ ಖರ್ಚೇ ಇರಲ್ಲ, ಒಂದು ಹಾವು ಸಾಕಬಹುದಾ?

ಪೊರೆ ಡಾಕ್ಟ್ರು, ಟೊರಾಂಟೊ:

ನಮ್ಮ ನೆಲದ ಹಾವು ಬೇಡವೇ ಬೇಡ. ನಾಗರ, ಕೇರೆ, ಹೆಬ್ಬಾವು, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಮನೆಯಲ್ಲಿ ಇಟ್ಟುಕೊಂಡರೆ ಅಪರಾಧ. ಬಾಲ್ ಪೈಥಾನ್ ಹೊರದೇಶದ್ದು, ಆದರೆ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಆ ಕಾಯ್ದೆಗೆ 2022ರ ತಿದ್ದುಪಡಿ, 2024ರ ನಿಯಮಗಳು ಬಂದ ಮೇಲೆ ಅಂಥ ಪ್ರಾಣಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರ ಇಲ್ಲದೆ ವಾಟ್ಸಾಪ್‌ನಲ್ಲಿ ಮಾರುವವರಿಂದ ದೂರ ಇರಿ. ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಹೀಟರ್ ಖರ್ಚು ಇರಲ್ಲ ಅಂದುಕೊಳ್ಳಬೇಡಿ. ಮೈಸೂರಲ್ಲೂ ಡಿಸೆಂಬರ್ ರಾತ್ರಿ ಬಾಲ್ ಪೈಥಾನ್‌ಗೆ ಚಳಿಯೇ.

ಚಿಕಾಗೊ ಹೊಸಬ:

ವಾದ ಓದಿ ಮ್ಯಾಟ್ ಬಿಟ್ಟು ಮೇಲಿನ ಶಾಖವೇ ಇರಲಿ ಅನ್ನಿಸುತ್ತಿದೆ. ಮೇಲಿಂದ ಹ್ಯಾಲೊಜೆನ್ ಹಗಲಿಗೆ, ಸಿರಾಮಿಕ್ ರಾತ್ರಿಗೆ. ಅಂಗಡಿಯವರು ರಾತ್ರಿಗೆ ಕೆಂಪು ಬಲ್ಬ್ ಕೊಡುತ್ತಾರಂತೆ, ಹಾವಿಗೆ ಕೆಂಪು ಕಾಣಲ್ಲವಂತೆ. ಸಿರಾಮಿಕ್ 150 ವ್ಯಾಟ್ ತಗೊಳ್ಳಲಾ? ಚಿಕಾಗೊ ಚಳಿ ನಿಮಗೆ ಗೊತ್ತಲ್ಲ.

ಕರೆಂಟು ಮೇಷ್ಟ್ರು, ಹುಬ್ಬಳ್ಳಿ, ಈಗ ಡಾಲಸ್:

ಕೆಂಪು ಬಲ್ಬ್ ಬೇಡ. ಹಾವಿಗೆ ಆ ಬೆಳಕು ಕಾಣುತ್ತದೆ. ರಾತ್ರಿ ಅಂದರೆ ಕತ್ತಲೆ.

150 ವ್ಯಾಟ್ ವಿಷಯಕ್ಕೆ ಸ್ವಲ್ಪ ಕೂತು ಓದಿ. ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ಥರ್ಮೋಸ್ಟಾಟ್ ಹಾಕಿದ ಮೇಲೆ ಎಲ್ಲರೂ ನಿಶ್ಚಿಂತೆಯಿಂದ ಮಲಗುತ್ತಾರೆ. ಆದರೆ ಥರ್ಮೋಸ್ಟಾಟ್ ಕೂಡ ಒಂದು ದಿನ ಕೆಡುತ್ತದೆ. ಆ ದಿನ ಏನಾಗುತ್ತದೆ ಅಂತ ಇವತ್ತೇ ಯೋಚಿಸಬೇಕು.

ಅಗ್ಗದ ಥರ್ಮೋಸ್ಟಾಟ್ ಒಳಗೆ ರಿಲೇ ಇರುತ್ತದೆ, ಕರೆಂಟ್ ಕೂಡಿಸಿ ಕಡಿಯುವ ಸಣ್ಣ ಸ್ವಿಚ್. ಸಾವಿರಾರು ಸಲ ಆನ್-ಆಫ್ ಆಗಿ ಅದರ ಲೋಹದ ತುದಿಗಳು ಕೆಲವೊಮ್ಮೆ ಒಂದಕ್ಕೊಂದು ಬೆಸೆದುಬಿಡುತ್ತವೆ. ಡಿಸ್‌ಪ್ಲೇ ಆಫ್ ಅನ್ನುತ್ತದೆ, ಹೀಟರ್ ಉರಿಯುತ್ತಲೇ ಇರುತ್ತದೆ. ಇನ್ನೊಂದು, ಪ್ರೋಬ್ ಜಾಗ ಬಿಟ್ಟು ತಂಪು ಕಡೆ ಬೀಳುವುದು, ಇಲ್ಲವೇ ಟ್ಯಾಂಕ್ ಹೊರಗೆ ಬರುವುದು. ಥರ್ಮೋಸ್ಟಾಟ್‌ಗೆ ಅದು ಚಳಿ ಅಂತ ಕಾಣುತ್ತದೆ, ಹೀಟರ್ ನಿಲ್ಲಿಸುವುದೇ ಇಲ್ಲ. ಪ್ರೋಬ್ ನೀರಿನ ಬಟ್ಟಲಿಗೆ ಬಿದ್ದರೂ ಹಾಗೆಯೇ.

ಈಗ ಲೆಕ್ಕ. ಟ್ಯಾಂಕ್ ಎಷ್ಟು ಬಿಸಿಯಾಗುತ್ತದೆ ಅನ್ನುವುದು ಕೋಣೆಯ ತಾಪಕ್ಕೆ ಹೀಟರ್ ಎಷ್ಟು ಸೇರಿಸುತ್ತದೆ ಅನ್ನುವುದರ ಮೇಲೆ ನಿಂತಿದೆ. ನಿಮ್ಮ ಕೋಣೆ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು ಅಂತಿಟ್ಟುಕೊಳ್ಳಿ, ಬೇಕಾದದ್ದು 32, ಅಂದರೆ 14 ಡಿಗ್ರಿ ಏರಿಸಬೇಕು. ನಿಮ್ಮ ಹೀಟರ್ 60 ಪರ್ಸೆಂಟ್ ಹೊತ್ತು ಉರಿದು ಇದನ್ನು ಮಾಡುತ್ತದೆ ಅಂತಿಟ್ಟುಕೊಳ್ಳಿ. ಥರ್ಮೋಸ್ಟಾಟ್ ಕೆಟ್ಟು 100 ಪರ್ಸೆಂಟ್ ಉರಿದರೆ ಏರಿಕೆ ಸುಮಾರು 23. ಟ್ಯಾಂಕ್ 41ಕ್ಕೆ ಹೋಯಿತು. ಬೇಸಿಗೆಯಲ್ಲಿ ಕೋಣೆ 27 ಇದ್ದಾಗ ಕೆಟ್ಟರೆ 50. ಅದೇ ಸಣ್ಣ ಹೀಟರ್ ಹಾಕಿ, ಚಳಿಯಲ್ಲಿ 90 ಪರ್ಸೆಂಟ್ ಉರಿಯುವ ಹಾಗೆ. ಆಗ ಪೂರ್ತಿ ಉರಿದರೂ ಏರಿಕೆ 15 ಚಿಲ್ಲರೆ. ಚಳಿಗಾಲದಲ್ಲಿ ಕೆಟ್ಟರೆ 33 ಚಿಲ್ಲರೆ, ಹಾವಿಗೆ ಗೊತ್ತೂ ಆಗುವುದಿಲ್ಲ. ಒರಟು ಲೆಕ್ಕವೇ, ಆದರೆ ದಿಕ್ಕು ಸರಿಯಿದೆ. ಹಾಗಾಗಿ 150 ಬೇಡ. ನಿಮ್ಮ ಅತಿ ಚಳಿಯ ರಾತ್ರಿಯನ್ನು ಕಷ್ಟಪಟ್ಟು ದಾಟಿಸುವಷ್ಟು ಸಣ್ಣದು ಸಾಕು. 60ರಿಂದ ಶುರು ಮಾಡಿ ಅಳೆದು ನೋಡಿ.

ಬೇಸಿಗೆಯಲ್ಲಿ ಸಣ್ಣದೂ 42 ದಾಟಿಸುತ್ತದೆ, ಆದ್ದರಿಂದ ಎರಡನೇ ಕಾವಲು ಬೇಕು. ಇನ್ನೊಂದು ಆನ್-ಆಫ್ ಥರ್ಮೋಸ್ಟಾಟ್ ತಗೊಂಡು ಸಾಲಾಗಿ ಜೋಡಿಸಿ. ಗೋಡೆಯ ಪ್ಲಗ್‌ಗೆ ಕಾವಲಿನದು, ಅದಕ್ಕೆ ಮುಖ್ಯ ಥರ್ಮೋಸ್ಟಾಟ್, ಅದಕ್ಕೆ ಹೀಟರ್. ಕಾವಲಿನದನ್ನು ಮುಖ್ಯದ್ದಕ್ಕಿಂತ 3 ಡಿಗ್ರಿ ಮೇಲೆ ಇಡಿ, ಅದಕ್ಕೆ ಅದರದ್ದೇ ಪ್ರೋಬ್. ಮುಖ್ಯದ್ದು ಕೆಟ್ಟರೆ ಇದು ಕಡಿದುಹಾಕುತ್ತದೆ. ಎರಡೂ ಒಂದೇ ದಿನ ಕೆಡುವುದು ಅಪರೂಪ. ಮತ್ತೆ ಬೇಸಿಗೆ ಬಂದಾಗ ಬಲ್ಬ್ ವ್ಯಾಟ್ ಇಳಿಸಿ, ಅದಕ್ಕೇನು ಖರ್ಚಿಲ್ಲ.

ಸಿರಾಮಿಕ್ ಹೀಟರ್ ಮುಟ್ಟಿದರೆ ಕೈ ಸುಡುತ್ತದೆ, ಬೆಳಕಿಲ್ಲದ ಕಾರಣ ಉರಿಯುತ್ತಿದೆ ಅಂತಲೂ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿ ಹೋಲ್ಡರ್ ಮಾತ್ರ. ಮೇಲ್ಗಡೆಯ ಲ್ಯಾಂಪ್ ಬೀಳದ ಹಾಗೆ ಕಟ್ಟಿ. ಪರದೆ ಹತ್ತಿರ ಬೇಡ. ವೈರ್ ಪ್ಲಗ್‌ಗೆ ಹೋಗುವ ಮೊದಲು ಒಮ್ಮೆ ಕೆಳಗೆ ಬಳುಕಿ ಮೇಲೆ ಹೋಗಲಿ, ನೀರು ಹರಿದರೆ ಅಲ್ಲೇ ತೊಟ್ಟಿಕ್ಕಲಿ.

ತುಂಗಾತೀರ, ಲೀಡ್ಸ್:

ಮೇಲಿನ ಹೀಟರ್ ಆದರೆ ಪ್ರೋಬ್ ಎಲ್ಲಿ ಅಂತ ಮೇಷ್ಟ್ರು ಹೇಳಲಿಲ್ಲ. ಹಾವು ಮಲಗಿದಾಗ ಅದರ ಬೆನ್ನು ಬರುವ ಎತ್ತರಕ್ಕೆ, ಬಿಸಿ ಗೂಡಿನ ಹತ್ತಿರ, ಗೋಡೆಗೆ ಗಟ್ಟಿಯಾಗಿ ಕ್ಲಿಪ್ ಮಾಡಿ. ಜಾಲರಿಯ ಹತ್ತಿರ ತೂಗುಬಿಟ್ಟರೆ ಕೆಳಗೆ ಚಳಿ ಇದ್ದಾಗಲೇ ಹೀಟರ್ ಆರುತ್ತದೆ. ಹಾವಿನ ತಲೆಗೆ ತಾಗುವಷ್ಟು ಹತ್ತಿರ ಲ್ಯಾಂಪ್ ಬೇಡ. ನಮ್ಮ ಕಡೆ ಮರದ ಪೆಟ್ಟಿಗೆ ಜಾಸ್ತಿ, ಹೀಟರ್ ಒಳಗೇ ಇರುತ್ತದೆ, ಅದಕ್ಕೆ ತಂತಿ ಪಂಜರ ಕಡ್ಡಾಯ. ನಿಮಗೆ ಜಾಲರಿಯ ಹೊರಗೆ ಇರುವುದರಿಂದ ಪಂಜರ ಬೇಡ, ಆದರೆ ಹಾವು ಜಾಲರಿಗೆ ಮೂತಿ ಒತ್ತುವಷ್ಟು ಎತ್ತರದ ಕೊಂಬೆ ಅದರ ಕೆಳಗೆ ಇಡಬೇಡಿ.

ಜಾಲರಿಯಿಂದ ತೇವ ಹೋಗುತ್ತದೆ. ಲ್ಯಾಂಪ್‌ನಿಂದ ದೂರ ಇರುವ ಭಾಗವನ್ನು ಮುಚ್ಚಿ, 60 ಪರ್ಸೆಂಟ್ ತೇವ ನಿಲ್ಲಿಸಿ. ಇಲ್ಲದಿದ್ದರೆ ಪೊರೆ ತುಂಡು ತುಂಡಾಗಿ ಬರುತ್ತದೆ.

ಚಿಕಾಗೊ ಹೊಸಬ:

ಕರೆಂಟ್ ಹೋದರೆ?

ಕರೆಂಟು ಮೇಷ್ಟ್ರು, ಹುಬ್ಬಳ್ಳಿ, ಈಗ ಡಾಲಸ್:

2021ರ ಫೆಬ್ರವರಿಯಲ್ಲಿ ಟೆಕ್ಸಸ್ ಚಳಿಯಲ್ಲಿ ಹೆಪ್ಪುಗಟ್ಟಿದಾಗ ಇಲ್ಲಿ ಸಾವಿರಾರು ಮನೆಗಳಲ್ಲಿ ಇದೇ ಪ್ರಶ್ನೆ. ಹಾವನ್ನು ದಿಂಬಿನ ಕವರ್‌ಗೆ ಹಾಕಿ ಬಾಯಿ ಕಟ್ಟಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ, ಪೆಟ್ಟಿಗೆಗೆ ಗಾಳಿ ತೂತು ಇರಲಿ. ಬಿಸಿ ನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಪಕ್ಕದಲ್ಲಿ, ಕೆಳಗಲ್ಲ. ಕೈ ಬೆಚ್ಚಗೆ ಮಾಡುವ ಸಣ್ಣ ಚೀಲಗಳು ಗಾಳಿಯ ಆಮ್ಲಜನಕ ತಿಂದು ಬಿಸಿಯಾಗುತ್ತವೆ, ಮುಚ್ಚಿದ ಪೆಟ್ಟಿಗೆಯೊಳಗೆ ಹಾಕಬೇಡಿ.

ಪೊರೆ ಡಾಕ್ಟ್ರು, ಟೊರಾಂಟೊ:

ಬಿರುಗಾಳಿ ಮುನ್ಸೂಚನೆ ಇದ್ದರೆ ಅದರ ಹಿಂದಿನ ದಿನ ಊಟ ಕೊಡಬೇಡಿ. ಖಾಲಿ ಹೊಟ್ಟೆಯ ಆರೋಗ್ಯವಂತ ಹಾವು ಒಂದು ರಾತ್ರಿಯ ಚಳಿ ತಡೆಯುತ್ತದೆ. ಹೊಟ್ಟೆಯಲ್ಲಿ ಇಲಿ ಇದ್ದರೆ ಅದು ಅರಗದೆ ಕೊಳೆಯುತ್ತದೆ.

ಚಿಕಾಗೊ ಹೊಸಬ:

ಅಪ್‌ಡೇಟ್. ಮ್ಯಾಟ್ ಕಿತ್ತು ಎಸೆದೆ. ಹಗಲಿಗೆ ಹ್ಯಾಲೊಜೆನ್, ಡಿಮ್ಮಿಂಗ್ ಥರ್ಮೋಸ್ಟಾಟ್ ಜೊತೆ. ರಾತ್ರಿಗೆ 60 ವ್ಯಾಟ್ ಸಿರಾಮಿಕ್, ಪಲ್ಸ್ ಮಾದರಿ. ಎರಡಕ್ಕೂ ಮುಂದೆ ಕಾವಲಿನದು. ಹಾವು ಬರುವ ಮೊದಲೇ ಓಡಿಸಿ ನೋಡುತ್ತಿದ್ದೇನೆ. ಬಿಸಿ ಗೂಡಿನ ಮೇಲೆ ಗನ್ 91 ಫ್ಯಾರನ್‌ಹೀಟ್ ತೋರಿಸುತ್ತದೆ, ಅಲ್ಲೇ ತೂಗುಬಿಟ್ಟ ಡಿಜಿಟಲ್ ಥರ್ಮಾಮೀಟರ್ 84 ಅನ್ನುತ್ತದೆ. ಯಾವುದು ಸರಿ? ಟ್ಯಾಂಕ್ ಜೊತೆ ಬಂದ ಗಡಿಯಾರದಂಥ ಮೀಟರ್ ಮಾತ್ರ 76ರಲ್ಲೇ ಕೂತಿದೆ.

ತುಂಗಾತೀರ, ಲೀಡ್ಸ್:

ಎರಡೂ ಸರಿ. ಗನ್ ಅಳೆಯುವುದು ಮೇಲ್ಮೈ, ಡಿಜಿಟಲ್ ಅಳೆಯುವುದು ಗಾಳಿ. ಲ್ಯಾಂಪ್ ಕೆಳಗೆ ಮೇಲ್ಮೈ ಯಾವಾಗಲೂ ಜಾಸ್ತಿ. ಹೊಳೆಯುವ ಲೋಹಕ್ಕೆ ಗನ್ ಹಿಡಿದರೆ ಮಾತ್ರ ಸುಳ್ಳು ಹೇಳುತ್ತದೆ. ಆ ಗಡಿಯಾರದ ಮೀಟರ್ ಬಿಸಾಕಿ.

ಚಿಕಾಗೊ ಹೊಸಬ:

ಬಿಸಾಕಿದೆ. ತಂಪು ಕಡೆ 78, ರಾತ್ರಿ 73. ಮುಖ್ಯ ಥರ್ಮೋಸ್ಟಾಟ್‌ನ ಪ್ರೋಬ್ ಕಿತ್ತು ಹೊರಗೆ ಹಾಕಿ ಕಾವಲಿನದು ಕಡಿಯುತ್ತದಾ ಅಂತಲೂ ನೋಡಿದೆ, 97ಕ್ಕೆ ಟಕ್ ಅಂತ ಆಫ್ ಆಯಿತು. ಹಾವು ಬಂದ ದಿನವೇ ಇಲಿ ಕೊಡಬಹುದಾ? ಮಗಳು ಕೇಳುತ್ತಿದ್ದಾಳೆ.

ಪೊರೆ ಡಾಕ್ಟ್ರು, ಟೊರಾಂಟೊ:

ಬೇಡ. ಒಂದು ವಾರ ಬಿಡಿ, ಮುಟ್ಟಲೂ ಬೇಡಿ. ಆಮೇಲೆ ಕೊಡಿ. ತಿನ್ನದಿದ್ದರೆ ಗಾಬರಿಯಾಗಬೇಡಿ, ಬಾಲ್ ಪೈಥಾನ್‌ಗಳು ಉಪವಾಸಕ್ಕೆ ಹೆಸರುವಾಸಿ. ಮತ್ತೆ ಒಂದು ವಾರ ಬಿಟ್ಟು ಕೊಟ್ಟು ನೋಡಿ, ಅಷ್ಟರಲ್ಲಿ ಬಿಸಿ ಕಡೆಯ ಅಳತೆ ಇನ್ನೊಮ್ಮೆ ತೆಗೆಯಿರಿ.